ಒಳಕಿಸೆ

ಏಳು ಮತಗಳಿಂದ ಸೋತವನು ನಾನು.
ಆರು ಯಾರವೆಂದು ಆ ಸಂಜೆಯೇ ಗೊತ್ತಾಗಿತ್ತು.
ಏಳನೆಯದು ನಮ್ಮ ಅಡುಗೆಕೋಣೆಯಲ್ಲಿ
ಕುಚ್ಚಲಕ್ಕಿ ತೊಳೆಯುತ್ತ
ನನ್ನ ಮುಖ ನೋಡದೆ ನಿಂತಿತ್ತು.

ಚಿಹ್ನೆ ಹಂಚಿದ ದಿನವೇ ಎಡವಟ್ಟು ಶುರು.
ಟೈಲರ್ ನಾನು. ಹೊಲಿಗೆ ಯಂತ್ರ ಬಿದ್ದದ್ದು
ಬೀಡಿ ಕಟ್ಟುವ ಜಲಜಾಕ್ಷಿಗೆ.
ನನಗೆ ಟೇಬಲ್ ಫ್ಯಾನು,
ಕರೆಂಟಿಲ್ಲದ ಅಂಗಡಿಯವನಿಗೆ.
ಕಲ್ಲುಕಟ್ಟೆಪದವಿನ ಜನ ಹದಿನೈದು ದಿನ ನಕ್ಕರು,
ಹದಿನಾರನೆಯ ದಿನ ಓಟು ಹಾಕಿದರು.

ಗೆದ್ದ ವಾರವೇ ಅಂಗಡಿಗೆ ಬಂದಳು,
ಕಂಕುಳಲ್ಲಿ ಪಂಚಾಯತಿನ ಕಾಗದದ ಕಟ್ಟು,
ಎಲ್ಲ ಮಲಯಾಳ.
"ಐತಪ್ಪಣ್ಣ, ನೀವು ಪಯ್ಯನ್ನೂರಿನಲ್ಲಿ ಹೊಲಿಗೆ ಕಲಿತವರಲ್ವಾ,
ಇದರಲ್ಲಿ ಎಂತ ಬರೆದದ್ದು, ಒಮ್ಮೆ ಹೇಳಿ."
ಸೋಲಿಸಿದವಳಿಗೆ ಓದಿ ಹೇಳುವುದು
ಯಾವ ಕರ್ಮ ಮಾರಾಯ್ರೆ!
ಓದಿದೆ.
ಪೈಪಿನ ಲೆಕ್ಕ, ದಾರಿದೀಪದ ಲೆಕ್ಕ,
ಪಿಂಚಣಿ ಪಟ್ಟಿಯಲ್ಲಿ ಸತ್ತೂ ಬದುಕಿದವರ ಹೆಸರು.
ಒಂದು ಸಾಲು ಬೇಕೆಂದೇ ತಪ್ಪಿಸಬಹುದಿತ್ತು,
ಎರಡು ಸಲ ಮನಸ್ಸೂ ಆಯಿತು.

ಅಂಗಡಿಯೆದುರಿಗೆ ಕಂಬ ಬಂತು.
ಅದರ ಬೆಳಕಿನಲ್ಲೇ ಆ ವರ್ಷದ ಮದುವೆ ಬಟ್ಟೆ ಹೊಲಿದೆ.

ಅಳತೆ ರವಕೆ ತಂದಿಟ್ಟು ಒಂದು ದಿನ ಹೇಳಿದಳು:
"ಎಡಪಕ್ಕೆಗೆ ಒಂದು ಒಳಕಿಸೆ ಇಡಿ.
ಮೆಂಬರ್ ಸೀಲು ಚೀಲದಲ್ಲಿಟ್ಟರೆ
ಯಾರಾದರೂ ಹೊಡೆದುಕೊಳ್ತಾರೆ."
ಬಾವಿಕಟ್ಟೆಯಲ್ಲಿ, ಮದುವೆಯ ಊಟದ ಸಾಲಿನಲ್ಲಿ,
ಉಪ್ಪಳದ ಬಸ್ಸಿನಲ್ಲಿ ಜೋತುಕೊಂಡು ನಿಂತಲ್ಲೇ
ತೆಗೆದು, ಬಾಯಿಂದ ಹಾ ಎಂದು ಉಸಿರೂದಿ,
ಎದುರಿನವನ ಬೆನ್ನನ್ನೇ ಮೇಜು ಮಾಡಿ ಒತ್ತುತ್ತಿದ್ದಳು.
ಆರು ರವಕೆಗೆ ಆರು ಒಳಕಿಸೆ ಇಟ್ಟುಕೊಟ್ಟೆ.

ವಾರ್ಡಿನಿಂದ ಬ್ಲಾಕಿಗೆ, ಬ್ಲಾಕಿನಿಂದ ಜಿಲ್ಲೆಗೆ.
ನಡುವೆ ಒಂದು ಪಕ್ಷ ಸೇರಿದಳು.
ಯಾವುದೆಂದು ಹೇಳಲಾರೆ,
ನನಗೆ ಗಿರಾಕಿಗಳು ಎಲ್ಲ ಕಡೆಯೂ ಇದ್ದಾರೆ.

ವಿಧಾನಸಭೆಗೆ ಮೊದಲ ಸಲ ನಿಂತು ಸೋತಳು.
ಮಾರನೆಯ ಬೆಳಿಗ್ಗೆ ಅಂಗಡಿಯ ಬೆಂಚಿನಲ್ಲಿ ಕೂತು,
"ಸೋತ ಮರುದಿನ ಎಂತ ಮಾಡುವುದು?" ಕೇಳಿದಳು.
ಊರಿನಲ್ಲಿ ಅದರ ಪಂಡಿತ ನಾನೊಬ್ಬನೇ.
"ಹುಕ್ಕು ಹೊಲಿಯುವ ರವಕೆ ನಾಲ್ಕು ಉಂಟು, ತೆಗೆದುಕೋ" ಎಂದೆ.
ಮಧ್ಯಾಹ್ನದವರೆಗೆ ಹೊಲಿದಳು. ಮಾತಿಲ್ಲ.
ಒಂದು ಹುಕ್ಕು ತಿರುಗುಮುರುಗು ಆಗಿತ್ತು,
ಅವಳು ಹೋದ ಮೇಲೆ ಬಿಚ್ಚಿದೆ.

ಐದು ವರ್ಷ ಕಳೆದು ತಿರುವನಂತಪುರ. ಪ್ರಮಾಣವಚನ, ಕನ್ನಡದಲ್ಲಿ.
ಟೀವಿಯ ಕೆಳಗಂಚಿನಲ್ಲಿ ಮಲಯಾಳ ಅಕ್ಷರ ಓಡುತ್ತಿತ್ತು,
ಅವಳು ಏನೆನ್ನುತ್ತಾಳೆಂದು ಅವರಿಗೆ ತಿಳಿಸಲಿಕ್ಕೆ.
ಇಷ್ಟು ಕಾಲ ಓದಿ ಹೇಳಿದವನು
ಆ ಒಂದು ನಿಮಿಷ ಕನ್ನಡಕ ತೆಗೆದಿಟ್ಟು ಕೇಳಿದೆ.
ಮತ್ತೆ ಹಾಕಿಕೊಂಡು ಹೊಲಿಗೆ ನೋಡಿದೆ.
ಬೇರೆ ಯಾರೋ ಹೊಲಿದದ್ದು.
ತೋಳು ಚೆನ್ನಾಗಿಯೇ ಕೂತಿತ್ತು, ಸುಳ್ಳು ಯಾಕೆ.
ಸಹಿ ಹಾಕಿದ ಮೇಲೆ ಅವಳ ಕೈ
ಎಡಪಕ್ಕೆಗೆ ಹೋಯಿತು,
ಏನೂ ಸಿಗದೆ
ಸೆರಗು ಸರಿಮಾಡಿದ ಹಾಗೆ ಮಾಡಿ ಹಿಂದೆ ಬಂತು.

ಸಭೆಯಲ್ಲಿ ಅವಳು ಕೇಳಿದ ಪ್ರಶ್ನೆಗೆ
ಮಂತ್ರಿಗಳ ಉತ್ತರ ವಾಟ್ಸಾಪಿನಲ್ಲಿ ಕಳಿಸುತ್ತಾಳೆ.
ಈಗ ಅವಳಿಗೇ ಓದಲು ಬರುತ್ತದೆ, ಆದರೂ ಅಭ್ಯಾಸ.
'ಪರಿಶೀಲನೆಯಲ್ಲಿದೆ'.
ಮಲಯಾಳದಲ್ಲಿ ಆ ಮಾತು ಎಷ್ಟು ಚಂದ!

ಅಂಗಡಿಯೆದುರಿನ ದೀಪ ಕೆಟ್ಟು ನಾಲ್ಕು ತಿಂಗಳು.
ಮೊನ್ನೆ ಆದಿತ್ಯವಾರ ಕಾರು ನಿಲ್ಲಿಸಿದಳು, ಹೇಳಿದೆ.
ಕತ್ತೆತ್ತಿ ಕಂಬ ನೋಡಿದಳು, ತಾನೇ ನಿಲ್ಲಿಸಿದ ಕಂಬ.
"ಅದು ವಾರ್ಡಿನ ಕೆಲಸ, ಐತಪ್ಪಣ್ಣ.
ನಾನು ಬಲ್ಬು ಹಾಕಿಸಿದರೆ ಮೆಂಬರಿಗೆ ಬೇಜಾರು.
ನೀವೇ ಇನ್ನೊಮ್ಮೆ ನಿಲ್ಲಿ."

ನನಗೆ ಅರವತ್ತೆಂಟು.
ರಾತ್ರಿ ಉಣ್ಣುವಾಗ ಹೆಂಡತಿಗೆ ವಿಷಯ ಹೇಳಿದೆ.
ಗಂಜಿ ಬಡಿಸುತ್ತ, ತಲೆ ಎತ್ತದೆ, ಕೇಳಿದಳು:
"ಎದುರಿಗೆ ಯಾರು?"